ಲಿನಕ್ಸ್‌ನ ಹಂಚಿಕೆಯ ಪಾರ್ಟಿಶನ್‌ನಲ್ಲಿ ಬರೆಯುವ ಅನುಮತಿ

ಹಲವು ಬಳಕೆದಾರರು, ಇಲ್ಲವೇ ಒಂದೇ ಕಂಪ್ಯೂಟರಿನ ಎರಡು ಆಪರೇಟಿಂಗ್ ಸಿಸ್ಟಂಗಳು ಸಮಾನವಾಗಿ ಬಳಸಲೆಂದು ಡಿಸ್ಕಿನಲ್ಲಿ ಬೇರೆ ಮಾಡಿಟ್ಟ ಭಾಗಕ್ಕೆ ಹಂಚಿಕೆಯ ಪಾರ್ಟಿಶನ್ ಎಂದು ಹೆಸರು. ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಹಾಕಿಸಿಕೊಂಡವರ ಲ್ಯಾಪ್‌ಟಾಪ್‌ನಲ್ಲಿ ಫೋಟೊ, ಹಾಡು, ಕಾಗದಪತ್ರ ತುಂಬಿದ ‘ಡಿ ಡ್ರೈವ್’ ಇದರ ಪರಿಚಿತ ರೂಪ. ಕಚೇರಿ ಮತ್ತು ಶಾಲೆಯ ಲ್ಯಾಬ್‌ಗಳಲ್ಲಿ ಇಂಥದೇ ಭಾಗ ನೆಟ್‌ವರ್ಕ್ ಮೂಲಕ ಹತ್ತಾರು ಕಂಪ್ಯೂಟರುಗಳಿಗೆ ತೆರೆದಿರುತ್ತದೆ. ಲಿನಕ್ಸ್‌ನಿಂದ ಅದರೊಳಗಿನ ಫೈಲುಗಳು ಕಾಣುತ್ತವೆ, ತೆರೆಯುತ್ತವೆ. ತಿದ್ದಿ ಉಳಿಸಲು, ಹೊಸ ಫೋಲ್ಡರ್ ಮಾಡಲು, ಅಳಿಸಲು ಹೋದಾಗ ಮಾತ್ರ ಯಂತ್ರ ಕೆಲವೊಮ್ಮೆ ಒಪ್ಪುವುದಿಲ್ಲ. ಬಳಕೆದಾರರ ಮಾತಿನಲ್ಲಿ ಇದು ‘ಪರ್ಮಿಶನ್ ಪ್ರಾಬ್ಲಂ’.

ಹೆಸರು ಒಂದೇ ಆದರೂ ರೋಗ ಒಂದೇ ಅಲ್ಲ. ಬೇಡವೆನ್ನುತ್ತಿರುವುದು ಫೈಲಿನ ಒಡೆತನವಿರಬಹುದು, ಪಾರ್ಟಿಶನ್ನನ್ನು ಜೋಡಿಸಿದ (ಮೌಂಟ್ ಮಾಡಿದ) ರೀತಿಯಿರಬಹುದು, ವಿಂಡೋಸ್ ಅರ್ಧಕ್ಕೆ ಬಿಟ್ಟುಹೋದ ಕೆಲಸವಿರಬಹುದು, ಸವೆದ ಡಿಸ್ಕೇ ಇರಬಹುದು. ‘ಇಲ್ಲ’ ಎಂಬ ಉತ್ತರ ಎಲ್ಲಿಂದ ಬಂತೋ ಅಲ್ಲೇ ಸರಿಪಡಿಸಿದರೆ ಪರಿಹಾರ ನಿಲ್ಲುತ್ತದೆ. ಬೇರೆಡೆ ಕೈಹಾಕಿದರೆ ಇದ್ದ ಭದ್ರತೆಯೂ ಹೋಗುತ್ತದೆ. ಈ ಲೇಖನದಲ್ಲಿ ಆಜ್ಞೆಗಳನ್ನೂ ಸೂಚನೆಗಳನ್ನೂ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲೇ ಟೈಪಿಸಬೇಕು.

ಯೆರವಡಾ ಮತ್ತು ಕನ್ನಡದ ಹಿನ್ನೆಲೆ

ಈ ಲೇಖನ ಮಾದರಿಯಾಗಿ ಬಳಸುವ ಮನೆ ಇರುವುದು ಯೆರವಡಾದಲ್ಲಿ. ಪುಣೆಯ ಈಶಾನ್ಯಕ್ಕೆ, ಮುಳಾ-ಮುಠಾ ನದಿಯ ಆಚೆ ದಡದಲ್ಲಿರುವ ಯೆರವಡಾ ಹೊರಗಿನವರಿಗೆ ಹೆಚ್ಚಾಗಿ ಪರಿಚಿತವಾಗಿರುವುದು ಅಲ್ಲಿನ ಕೇಂದ್ರ ಕಾರಾಗೃಹದಿಂದ ಮತ್ತು 1932ರ ಪುಣೆ ಒಪ್ಪಂದದಿಂದ. ಈಗ ಅದು ಸಾಫ್ಟ್‌ವೇರ್ ಕಚೇರಿಗಳ ಪ್ರದೇಶವೂ ಹೌದು. ಸಾಮ್ರಾಟ್ ಅಶೋಕ ಪಥದ ಕಾಮರ್‌ಜೋನ್ ಐಟಿ ಪಾರ್ಕ್ ಇಲ್ಲಿಯದೇ. ಪಕ್ಕದ ಕಲ್ಯಾಣಿ ನಗರದಲ್ಲಿ ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಕಚೇರಿ ಕೆಲವು ವರ್ಷ ಇತ್ತು. ಮುಂದೆ ಅದು ಮಗರಪಟ್ಟಾಕ್ಕೆ ಹೋಯಿತು. ಲಿನಕ್ಸ್‌ನಲ್ಲಿ ಕನ್ನಡ ಓದಲು ಬಹುಕಾಲ ಆಸರೆಯಾಗಿದ್ದ ‘ಲೋಹಿತ್’ ಫಾಂಟ್‌ಗಳನ್ನು ನೋಡಿಕೊಂಡದ್ದು ರೆಡ್ ಹ್ಯಾಟ್‌ನ ಪುಣೆ ತಂಡ. 1988ರಲ್ಲಿ ಪುಣೆಯಲ್ಲಿ ಹುಟ್ಟಿದ ಸಿ-ಡ್ಯಾಕ್ ಸಂಸ್ಥೆ ಮುಂದೆ ಡೆಬಿಯನ್ ಆಧಾರದ ‘ಬಾಸ್’ ಲಿನಕ್ಸ್ ಅನ್ನು ಭಾರತೀಯ ಭಾಷೆಗಳ ಬೆಂಬಲದೊಂದಿಗೆ ಹೊರತಂದಿತು.

ಹಲವರ ಕೈ ಸೇರುವ ಒಂದೇ ಸಂಗ್ರಹವೆಂಬುದು ಯೆರವಡಾಕ್ಕೆ ಡಿಸ್ಕ್ ಬರುವ ಮೊದಲೇ ಗೊತ್ತಿತ್ತು. ಇಲ್ಲಿನ ಡೆಕ್ಕನ್ ಕಾಲೇಜಿನಲ್ಲಿ 1948ರಲ್ಲಿ ಎಸ್. ಎಂ. ಕತ್ರೆ ಅವರ ನೇತೃತ್ವದಲ್ಲಿ ಆರಂಭವಾದ ಸಂಸ್ಕೃತ ಮಹಾಕೋಶದ ಕೆಲಸ ನಿಂತಿರುವುದೇ ಅನೇಕ ವಿದ್ವಾಂಸರು ಬರೆದು ಕೂಡಿಸಿದ ಲಕ್ಷಾಂತರ ಪದಚೀಟಿಗಳ ಮೇಲೆ. ಕನ್ನಡ ನಾಡಿನ ಭಾಷೆಗಳೊಂದಿಗೂ ಅದಕ್ಕೆ ನಂಟಿದೆ: ವಿಲಿಯಂ ಬ್ರೈಟ್ ಅವರ ಆಡುಗನ್ನಡದ ವ್ಯಾಕರಣ 1958ರಲ್ಲೂ ಡಿ. ಎನ್. ಶಂಕರ ಭಟ್ ಅವರ ತುಳು ಅಧ್ಯಯನ 1967ರಲ್ಲೂ ಪ್ರಕಟವಾದದ್ದು ಇದೇ ಕಾಲೇಜಿನಿಂದ.

ಕನ್ನಡ ಪ್ರದೇಶದ ಅಂಚಿನಲ್ಲಿ ಲಿನಕ್ಸ್ ದಿನಬಳಕೆಯ ವಸ್ತುವಾಗಿರುವ ಜಾಗ ಕೇರಳದ ಕಾಸರಗೋಡು. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ ‘ಐಟಿ ಅಟ್ ಸ್ಕೂಲ್’ ಯೋಜನೆ, 2017ರಲ್ಲಿ ಅದರ ಮುಂದುವರಿಕೆಯಾಗಿ ಬಂದ ‘ಕೈಟ್’ ಸಂಸ್ಥೆ, ಶಾಲೆಗಳಿಗೆ ಉಬುಂಟು ಆಧಾರದ ಲಿನಕ್ಸ್ ಒದಗಿಸಿವೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಕಂಪ್ಯೂಟರ್ ಕಲಿಯುವುದು ಅದರಲ್ಲೇ. ಒಂದು ತರಗತಿಯವರು ಉಳಿಸಿದ ಚಿತ್ರವನ್ನು ಮುಂದಿನ ತರಗತಿಯವರು ಅಳಿಸದಂತೆ ನೋಡಿಕೊಳ್ಳುವುದೂ ಅನುಮತಿಯ ಪ್ರಶ್ನೆಯೇ.

ಮುಂದಿನ ವಿವರಣೆಗೆ ಒಂದು ಮನೆಯನ್ನು ಮಾದರಿಯಾಗಿ ಕಲ್ಪಿಸಿಕೊಳ್ಳಬಹುದು. ಕರ್ನಾಟಕದಿಂದ ಬಂದ ಅಕ್ಕ-ತಮ್ಮ ಯೆರವಡಾದಲ್ಲಿ ಬಾಡಿಗೆಗಿದ್ದಾರೆ. ಅಕ್ಕನಿಗೆ ಕೆಲಸ, ತಮ್ಮನಿಗೆ ಕಾಲೇಜು. ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ಅದರಲ್ಲಿ ವಿಂಡೋಸ್, ಉಬುಂಟು ಎರಡೂ ಇವೆ. ಊರಿನ ಪಹಣಿಯ ಸ್ಕ್ಯಾನ್, ಮದುವೆಯ ಫೋಟೊ, ತಮ್ಮನ ಪ್ರಾಜೆಕ್ಟ್ ಎಲ್ಲ ಇರುವುದು ಹಂಚಿಕೆಯ ಪಾರ್ಟಿಶನ್ನಿನಲ್ಲಿ.

ಅನುಮತಿಯ ಮೂಲ

ಲಿನಕ್ಸ್‌ನ ಅನುಮತಿ ಪದ್ಧತಿ ಯುನಿಕ್ಸ್‌ನಿಂದ ಬಂದ ಬಳುವಳಿ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚೀ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಯುನಿಕ್ಸ್‌ನ ಮೊದಲ ಕೈಪಿಡಿಯ ದಿನಾಂಕ 1971ರ ನವೆಂಬರ್ 3. ಆಗ ಫೈಲಿಗೆ ಒಡೆಯ ಮತ್ತು ಉಳಿದವರು ಎಂಬ ಎರಡೇ ವರ್ಗಗಳಿದ್ದವು. ಗುಂಪು ಆಮೇಲೆ ಸೇರಿತು. ಒಂದು ದೊಡ್ಡ ಕಂಪ್ಯೂಟರಿಗೆ ಹಲವು ಟರ್ಮಿನಲ್‌ಗಳನ್ನು ಜೋಡಿಸಿ ಅನೇಕರು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಒಬ್ಬರ ಬರಹವನ್ನು ಇನ್ನೊಬ್ಬರು ಕೆಡಿಸದಿರಲೆಂದು ಹುಟ್ಟಿದ ಏರ್ಪಾಡು ಇದು. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಬರೆದ, ಸಿಸ್ಟಂನ ತಿರುಳಾದ ಲಿನಕ್ಸ್ ಕರ್ನಲ್ ಇದನ್ನು ಹಾಗೆಯೇ ಉಳಿಸಿಕೊಂಡಿತು. ಒಬ್ಬರೇ ಬಳಸುವ ಲ್ಯಾಪ್‌ಟಾಪ್ ಕೂಡ ತನ್ನನ್ನು ಹತ್ತು ಮಂದಿಯ ಯಂತ್ರವೆಂದೇ ತಿಳಿದುಕೊಂಡಿರುವುದು ಇದರಿಂದಲೇ.

ಒಂಬತ್ತು ಅಕ್ಷರಗಳ ಓದು

‘ಎಲ್‌ಎಸ್ -ಎಲ್’ ಆಜ್ಞೆ ಕೊಟ್ಟಾಗ ಪ್ರತಿ ಸಾಲಿನ ಆರಂಭದಲ್ಲಿ ಹತ್ತು ಚಿಹ್ನೆಗಳು ಕಾಣುತ್ತವೆ. ಮೊದಲನೆಯದು ‘ಡಿ’ ಆಗಿದ್ದರೆ ಅದು ಡೈರೆಕ್ಟರಿ, ಅಂದರೆ ಫೋಲ್ಡರ್. ಉಳಿದ ಒಂಬತ್ತನ್ನು ಮೂರು ಮೂರಾಗಿ ಓದಬೇಕು: ಮೊದಲ ಮೂರು ಒಡೆಯನಿಗೆ, ನಡುವಿನ ಮೂರು ಗುಂಪಿಗೆ, ಕೊನೆಯ ಮೂರು ಉಳಿದೆಲ್ಲರಿಗೆ. ‘ಆರ್’ ಓದಲು, ‘ಡಬ್ಲ್ಯೂ’ ಬರೆಯಲು, ‘ಎಕ್ಸ್’ ನಡೆಸಲು. ಇಲ್ಲದ ಅನುಮತಿಯ ಜಾಗದಲ್ಲಿ ಅಡ್ಡಗೆರೆ. ಸಂಖ್ಯೆಯಲ್ಲಿ ಹೇಳುವಾಗ ಓದಿಗೆ 4, ಬರಹಕ್ಕೆ 2, ನಡೆಸಲು 1. ಹೀಗೆ 755 ಎಂದರೆ ಒಡೆಯನಿಗೆ ಮೂರೂ ಉಂಟು, ಮಿಕ್ಕವರಿಗೆ ಬರೆಯುವುದೊಂದು ಇಲ್ಲ. ಅಕ್ಕನ ಹೆಸರಿನಲ್ಲಿರುವ ಫೋಲ್ಡರಿಗೆ 755 ಇದ್ದರೆ ತಮ್ಮ ಅದರಲ್ಲಿ ಫೋಟೊ ನೋಡಬಹುದು, ಸೇರಿಸಲಾರ. ಅದೇ 775 ಆಗಿದ್ದು ತಮ್ಮನೂ ಆ ಗುಂಪಿನಲ್ಲಿದ್ದರೆ ಸೇರಿಸಬಲ್ಲ.

ಫೋಲ್ಡರಿನ ವಿಷಯದಲ್ಲಿ ಈ ಅಕ್ಷರಗಳ ಅರ್ಥ ಸ್ವಲ್ಪ ಬೇರೆ. ಅಲ್ಲಿ ‘ಎಕ್ಸ್’ ಎಂದರೆ ಒಳಹೋಗುವ ಹಕ್ಕು. ‘ಡಬ್ಲ್ಯೂ’ ಎಂದರೆ ಹೆಸರುಗಳನ್ನು ಸೇರಿಸುವ, ತೆಗೆಯುವ, ಬದಲಿಸುವ ಹಕ್ಕು. ಇದರಿಂದ ಎರಡು ಅಚ್ಚರಿಗಳಿವೆ. ಒಂದು, ಫೈಲಿಗೆ ಬರೆಯುವ ಅನುಮತಿ ಇಲ್ಲದಿದ್ದರೂ ಫೋಲ್ಡರಿಗೆ ಇದ್ದರೆ ಆ ಫೈಲನ್ನು ಅಳಿಸಬಹುದು. ಎರಡು, ಫೈಲಿಗೆ ಎಲ್ಲ ಅನುಮತಿ ಇದ್ದರೂ ಮೇಲಿನ ಯಾವುದಾದರೊಂದು ಫೋಲ್ಡರಿನಲ್ಲಿ ‘ಎಕ್ಸ್’ ಇಲ್ಲದಿದ್ದರೆ ಅಲ್ಲಿಗೆ ಹೋಗುವ ದಾರಿಯೇ ಮುಚ್ಚಿರುತ್ತದೆ. ‘ನೇಮ್ಐ -ಎಲ್’ ಆಜ್ಞೆ ದಾರಿಯ ಪ್ರತಿ ಮೆಟ್ಟಿಲಿನ ಅನುಮತಿಯನ್ನೂ ಒಂದರ ಕೆಳಗೊಂದು ತೋರಿಸುತ್ತದೆ.

ಫೈಲ್ ಸಿಸ್ಟಂಗಳ ವ್ಯತ್ಯಾಸ

ಒಡೆಯ, ಗುಂಪು, ಆ ಒಂಬತ್ತು ಅಕ್ಷರಗಳು ಸೂಚಿಸುವ ಬಿಟ್‌ಗಳು, ಇವನ್ನೆಲ್ಲ ಎಲ್ಲೋ ಬರೆದಿಡಬೇಕು. ಪಾರ್ಟಿಶನ್ನಿನ ಫೈಲ್ ಸಿಸ್ಟಂ ಅದಕ್ಕೆ ಜಾಗ ಕೊಟ್ಟಿದೆಯೇ ಎಂಬುದು ಮುಂದಿನ ಪ್ರಶ್ನೆ.

ಲಿನಕ್ಸ್‌ನ ಸ್ವಂತ ಫೈಲ್ ಸಿಸ್ಟಂಗಳಾದ ಎಕ್ಸ್ಟ್2 (1993), ಎಕ್ಸ್ಟ್3 (2001), ಎಕ್ಸ್ಟ್4 (2008) ಪ್ರತಿ ಫೈಲಿನೊಂದಿಗೂ ಈ ವಿವರಗಳನ್ನು ಇಟ್ಟುಕೊಳ್ಳುತ್ತವೆ. ಪೆನ್‌ಡ್ರೈವ್‌ಗಳಲ್ಲಿ ಕಾಣುವ ಫ್ಯಾಟ್32ರಲ್ಲಿ ಒಡೆತನವೆಂಬ ಕಲ್ಪನೆಯೇ ಇಲ್ಲ. 4 ಜಿಬಿ ತಲುಪಿದ ಒಂದು ಫೈಲನ್ನೂ ಅದು ಹಿಡಿಯಲಾರದು. ದೊಡ್ಡ ಮೆಮೊರಿ ಕಾರ್ಡುಗಳಲ್ಲಿರುವ ಎಕ್ಸ್‌ಫ್ಯಾಟ್‌ಗೂ ಒಡೆತನ ಗೊತ್ತಿಲ್ಲ. 1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಬಂದ ಎನ್‌ಟಿಎಫ್‌ಎಸ್‌ನಲ್ಲಿ ಒಡೆತನವೂ ಅನುಮತಿಯೂ ವಿವರವಾಗಿ ಇವೆ. ಆದರೆ ಅವು ವಿಂಡೋಸ್‌ನ ಬಳಕೆದಾರರ ಗುರುತಿಗೆ ಕಟ್ಟಿಬಿದ್ದಿವೆ, ಲಿನಕ್ಸ್‌ನ 1000, 1001 ಎಂಬ ಬಳಕೆದಾರ ಸಂಖ್ಯೆಗಳಿಗಲ್ಲ.

ಆದಕಾರಣ ಫ್ಯಾಟ್, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಪಾರ್ಟಿಶನ್‌ಗಳನ್ನು ಜೋಡಿಸುವಾಗ ಲಿನಕ್ಸ್ ಸಾಮಾನ್ಯವಾಗಿ ಎಲ್ಲ ಫೈಲುಗಳಿಗೂ ಒಬ್ಬನೇ ಒಡೆಯ, ಒಂದೇ ಬಗೆಯ ಅನುಮತಿ ಎಂದು ತೋರಿಸುತ್ತದೆ. ಅದು ಡಿಸ್ಕಿನಲ್ಲಿ ಬರೆದಿರುವುದಲ್ಲ, ಜೋಡಿಸುವ ಹೊತ್ತಿಗೆ ತೊಡಿಸಿದ ಮುಖವಾಡ. ಅದರ ಮೇಲೆ ‘ಚೌನ್’ ಆಜ್ಞೆಯಿಂದ ಒಡೆತನ ಬದಲಿಸಲು ಹೋದರೆ ‘ಆಪರೇಶನ್ ನಾಟ್ ಪರ್ಮಿಟೆಡ್’ ಎಂದು ಬರುವುದು, ಅನುಮತಿ ಬದಲಿಸುವ ‘ಚ್‌ಮಾಡ್’ ಆಜ್ಞೆ ಸದ್ದಿಲ್ಲದೆ ವ್ಯರ್ಥವಾಗುವುದು ಇದಕ್ಕೇ. ಮುಖವಾಡವನ್ನು ಬದಲಿಸಬೇಕಾದರೆ ಪಾರ್ಟಿಶನ್ನನ್ನು ಬಿಚ್ಚಿ ಬೇರೆ ಆಯ್ಕೆಗಳೊಂದಿಗೆ ಮತ್ತೆ ಜೋಡಿಸಬೇಕು.

ಎನ್‌ಟಿಎಫ್‌ಎಸ್‌ಗೆ ನಂಬಿಕೆಯಿಂದ ಬರೆಯುವುದು ಲಿನಕ್ಸ್‌ಗೆ ಸಾಧ್ಯವಾದದ್ದು ತಡವಾಗಿ. ಕರ್ನಲ್‌ನ ಹಳೆಯ ಡ್ರೈವರ್ ಹೆಚ್ಚುಕಡಿಮೆ ಓದಿಗಷ್ಟೇ ಸೀಮಿತವಾಗಿತ್ತು. ಸಬೋಲ್ಚ್ ಸಕಾಚಿಚ್ ಅವರ ಮುಂದಾಳತ್ವದ ಎನ್‌ಟಿಎಫ್‌ಎಸ್-3ಜಿ 2007ರ ಫೆಬ್ರವರಿಯಲ್ಲಿ ಸ್ಥಿರ ಆವೃತ್ತಿಯಾಗಿ ಬಂದಮೇಲೆ ಡಿ ಡ್ರೈವ್‌ಗೆ ಬರೆಯುವುದು ಮಾಮೂಲಾಯಿತು. ಪ್ಯಾರಗನ್ ಕಂಪನಿ ಕೊಟ್ಟ ಎನ್‌ಟಿಎಫ್‌ಎಸ್3 ಡ್ರೈವರ್ 2021ರಲ್ಲಿ 5.15 ಆವೃತ್ತಿಯೊಂದಿಗೆ ಕರ್ನಲ್‌ನೊಳಗೇ ಸೇರಿತು.

ಸೂಚನೆ ಓದಿ ಕಾರಣ ಹಿಡಿಯುವುದು

ಪತ್ತೆಯ ಮೊದಲ ಹೆಜ್ಜೆ ಯಂತ್ರ ಹೇಳಿದ ಮಾತನ್ನು ಪೂರ್ತಿ ಓದುವುದು. ಫೈಲ್ ಮ್ಯಾನೇಜರ್ ಬಹುಪಾಲು ಏನೂ ಬಿಡಿಸಿ ಹೇಳದೆ ‘ಪೇಸ್ಟ್’ ಆಯ್ಕೆಯನ್ನು ಮಂಕಾಗಿಸಿ ಸುಮ್ಮನಾಗುತ್ತದೆ. ಟರ್ಮಿನಲ್‌ನಲ್ಲಿ ಆ ಫೋಲ್ಡರಿಗೆ ಹೋಗಿ ‘ಟಚ್ ಪರೀಕ್ಷೆ’ ಎಂದು ಖಾಲಿ ಫೈಲೊಂದನ್ನು ಮಾಡಲು ನೋಡಿದರೆ ಕರ್ನಲ್‌ನ ಉತ್ತರ ನೇರವಾಗಿ ಸಿಗುತ್ತದೆ. ಕರ್ನಲ್ ಪ್ರತಿಯೊಂದು ನಿರಾಕರಣೆಗೂ ಒಂದೊಂದು ಸಂಖ್ಯೆ ಇಟ್ಟುಕೊಂಡಿದೆ.

‘ಪರ್ಮಿಶನ್ ಡಿನೈಡ್’ (ಸಂಖ್ಯೆ 13): ಒಡೆತನ, ಗುಂಪು ಅಥವಾ ಬಿಟ್‌ಗಳು ಅಡ್ಡ ಬಂದಿವೆ. ಚೌನ್, ಚ್‌ಮಾಡ್ ಆಜ್ಞೆಗಳು ಕೆಲಸಕ್ಕೆ ಬರುವುದು ಇಲ್ಲಿ.

‘ರೀಡ್-ಓನ್ಲಿ ಫೈಲ್ ಸಿಸ್ಟಂ’ (ಸಂಖ್ಯೆ 30): ಇಡೀ ಪಾರ್ಟಿಶನ್ನೇ ಓದಲು ಮಾತ್ರ ಎಂದು ಜೋಡಣೆಯಾಗಿದೆ. ಇಲ್ಲಿ ಫೈಲಿನ ಅನುಮತಿಗೆ ಯಾವ ಸಂಬಂಧವೂ ಇಲ್ಲ. ‘ಎಲ್‌ಎಸ್ -ಎಲ್’ ಎಲ್ಲರಿಗೂ ಎಲ್ಲ ಹಕ್ಕು ತೋರಿಸುತ್ತಿರಬಹುದು, ಆದರೂ ಒಂದಕ್ಷರ ಬರೆಯಲಾಗದು. ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಿಗೂ ಆಗದು.

‘ಆಪರೇಶನ್ ನಾಟ್ ಪರ್ಮಿಟೆಡ್’ (ಸಂಖ್ಯೆ 1): ಕೇಳಿದ ಕೆಲಸವೇ ಅಲ್ಲಿ ನಡೆಯುವಂಥದಲ್ಲ. ಒಡೆತನ ಇಟ್ಟುಕೊಳ್ಳದ ಫೈಲ್ ಸಿಸ್ಟಂ ಮೇಲೆ ಚೌನ್ ಮಾಡಿದಾಗ, ಇಲ್ಲವೇ ‘ಚ್ಯಾಟರ್’ ಆಜ್ಞೆಯಿಂದ ಬದಲಾಗದಂತೆ ಬೀಗ ಹಾಕಿದ ಫೈಲನ್ನು ಮುಟ್ಟಿದಾಗ ಬರುತ್ತದೆ.

‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ (ಸಂಖ್ಯೆ 28): ಜಾಗ ಮುಗಿದಿದೆ. ಎಕ್ಸ್ಟ್4 ತನ್ನ ಜಾಗದ ಶೇಕಡಾ 5 ಭಾಗವನ್ನು ರೂಟ್‌ಗೆಂದು ತೆಗೆದಿಡುವುದರಿಂದ 1 ಟಿಬಿ ಪಾರ್ಟಿಶನ್ನಿನಲ್ಲಿ ಸುಮಾರು 50 ಜಿಬಿ ಉಳಿದಿರುವಾಗಲೇ ಸಾಮಾನ್ಯ ಬಳಕೆದಾರನಿಗೆ ಬಾಗಿಲು ಮುಚ್ಚುತ್ತದೆ. ಬರಿಯ ಫೋಟೊ, ಸಿನಿಮಾ ಇಡುವ ಪಾರ್ಟಿಶನ್ನಾದರೆ ‘ಟ್ಯೂನ್2ಎಫ್‌ಎಸ್’ ಆಜ್ಞೆಯಿಂದ ಈ ಮೀಸಲನ್ನು ಕಡಿಮೆ ಮಾಡಬಹುದು.

‘ಫೈಲ್ ನೇಮ್ ಟೂ ಲಾಂಗ್’ (ಸಂಖ್ಯೆ 36): ಕನ್ನಡದಲ್ಲಿ ಹೆಸರಿಡುವವರಿಗೆ ಇದು ಬೇಗ ಎದುರಾಗುತ್ತದೆ. ಎಕ್ಸ್ಟ್4ರಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಸ್ವರಚಿಹ್ನೆಗೂ ಬೇರೆಯೇ ಲೆಕ್ಕ. ‘ಯೆರವಡಾ’ ಎಂಬ ನಾಲ್ಕಕ್ಷರದ ಹೆಸರಿನಲ್ಲಿ ಆರು ಸಂಕೇತಗಳಿವೆ, ಅಂದರೆ 18 ಬೈಟ್. 85 ಸಂಕೇತ ದಾಟಿದ ಕನ್ನಡ ಹೆಸರು ಎಕ್ಸ್ಟ್4ಗೆ ಹಿಡಿಸದು. ಎನ್‌ಟಿಎಫ್‌ಎಸ್ ಮಿತಿಯನ್ನು ಬೇರೆ ಬಗೆಯಲ್ಲಿ ಎಣಿಸಿ 255 ಸಂಕೇತಗಳವರೆಗೆ ಒಪ್ಪುತ್ತದೆ. ವಿಂಡೋಸ್‌ನಲ್ಲಿ ಉದ್ದನೆಯ ಶೀರ್ಷಿಕೆ ಕೊಟ್ಟು ಉಳಿಸಿದ ಲೇಖನವನ್ನು ಲಿನಕ್ಸ್ ಪಾರ್ಟಿಶನ್ನಿಗೆ ನಕಲು ಮಾಡುವಾಗ ಅದೊಂದೇ ಹಿಂದುಳಿಯುವುದು ಇದರಿಂದ.

ಎರಡನೇ ಹೆಜ್ಜೆ ಜೋಡಣೆಯ ಸ್ಥಿತಿಯನ್ನು ನೋಡುವುದು. ‘ಫೈಂಡ್‌ಮೌಂಟ್’ ಆಜ್ಞೆ ಪಾರ್ಟಿಶನ್ನಿನ ಜಾಗ, ಫೈಲ್ ಸಿಸ್ಟಂ, ಆಯ್ಕೆಗಳನ್ನು ಪಟ್ಟಿ ಮಾಡುತ್ತದೆ. ಆಯ್ಕೆಗಳ ಆರಂಭದಲ್ಲಿ ‘ಆರ್‌ಡಬ್ಲ್ಯೂ’ ಇದ್ದರೆ ಬರೆಯಬಹುದು, ‘ಆರ್‌ಓ’ ಇದ್ದರೆ ಓದು ಮಾತ್ರ. ಮೂರನೇ ಹೆಜ್ಜೆ ‘ಡಿಮೆಸೆಜ್’ ಆಜ್ಞೆಯಲ್ಲಿ ಕರ್ನಲ್‌ನ ದಿನಚರಿಯ ಕೊನೆಯ ಸಾಲುಗಳನ್ನು ಓದುವುದು. ಪಾರ್ಟಿಶನ್ ಏಕೆ ಓದಿಗೆ ಇಳಿಯಿತೆಂಬುದು ಅಲ್ಲಿರುತ್ತದೆ.

ವಿಂಡೋಸ್ ಜೊತೆ ಹಂಚಿಕೊಂಡಾಗ

ಎರಡು ಸಿಸ್ಟಂಗಳ ಲ್ಯಾಪ್‌ಟಾಪಿನಲ್ಲಿ ಈ ತೊಂದರೆಗೆ ಅತಿ ಸಾಮಾನ್ಯ ಕಾರಣ ವಿಂಡೋಸ್ 8ರೊಂದಿಗೆ 2012ರಲ್ಲಿ ಬಂದ ‘ಫಾಸ್ಟ್ ಸ್ಟಾರ್ಟಪ್’. ಇದು ಚಾಲೂ ಇದ್ದಾಗ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ತನ್ನ ಕರ್ನಲ್‌ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅಲ್ಲಿಂದಲೇ ಎದ್ದು ಮುಂದುವರಿಯುತ್ತದೆ. ಪಾರ್ಟಿಶನ್ನಿನ ಲೆಕ್ಕಪತ್ರ ಇನ್ನೂ ತನ್ನ ಕೈಯಲ್ಲೇ ಇದೆಯೆಂಬುದು ಅದರ ಎಣಿಕೆ. ಈ ನಡುವೆ ಲಿನಕ್ಸ್ ಅಲ್ಲಿ ಏನಾದರೂ ಬರೆದರೆ, ಎದ್ದ ವಿಂಡೋಸ್‌ಗೆ ಅದು ಗೊತ್ತಿರದೆ ಹಳೆಯ ಲೆಕ್ಕದ ಮೇಲೆ ಕೆಲಸ ಮುಂದುವರಿಸಿ ಫೈಲುಗಳನ್ನು ಕೆಡಿಸಬಹುದು. ಆ ಅಪಾಯವನ್ನು ಗುರುತಿಸಿಯೇ ಎನ್‌ಟಿಎಫ್‌ಎಸ್-3ಜಿ ಅಂಥ ಪಾರ್ಟಿಶನ್ನನ್ನು ಓದಲು ಮಾತ್ರ ಜೋಡಿಸುತ್ತದೆ. ಇಲ್ಲಿ ನಿರಾಕರಣೆ ದೋಷವಲ್ಲ, ಕಾವಲು.

ನಮ್ಮ ಮಾದರಿ ಮನೆಯಲ್ಲಿ ಅಕ್ಕ ರಾತ್ರಿ ವಿಂಡೋಸ್ ಮುಚ್ಚಿ ಮಲಗಿದ್ದಾಳೆ. ಬೆಳಗ್ಗೆ ತಮ್ಮ ಉಬುಂಟು ತೆರೆದರೆ ನಿನ್ನೆ ಮಧ್ಯಾಹ್ನ ಬರೆಯುತ್ತಿದ್ದ ಡಿ ಡ್ರೈವ್ ಇವತ್ತು ಬರೆಯಲೊಲ್ಲದು. ನಿನ್ನೆ ಅವನು ತೆರೆದದ್ದು ವಿಂಡೋಸ್‌ನಿಂದ ರೀಸ್ಟಾರ್ಟ್ ಮಾಡಿ. ಇವತ್ತು ಶಟ್‌ಡೌನ್ ಆದಮೇಲೆ. ರೀಸ್ಟಾರ್ಟ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚುತ್ತದೆ, ಶಟ್‌ಡೌನ್‌ನಲ್ಲಿ ಮುಚ್ಚುವುದಿಲ್ಲ. ‘ಒಮ್ಮೆ ಆಗುತ್ತೆ, ಒಮ್ಮೆ ಆಗಲ್ಲ’ ಎಂಬ ದೂರಿನ ಹಿಂದೆ ಇರುವುದು ಹೆಚ್ಚಾಗಿ ಇದೇ.

ಪರಿಹಾರ ಮಾಡಬೇಕಾದದ್ದು ವಿಂಡೋಸ್‌ನೊಳಗೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ, ಪವರ್ ಗುಂಡಿ ಏನು ಮಾಡಬೇಕೆಂದು ತಿಳಿಸುವ ಪುಟಕ್ಕೆ ಹೋಗಿ ಫಾಸ್ಟ್ ಸ್ಟಾರ್ಟಪ್‌ನ ಗುರುತು ತೆಗೆಯಬೇಕು. ತಾತ್ಕಾಲಿಕವಾಗಿ ಶಿಫ್ಟ್ ಕೀಲಿ ಹಿಡಿದು ಶಟ್‌ಡೌನ್ ಒತ್ತಿದರೂ ಆ ಸಲಕ್ಕೆ ಪೂರ್ತಿ ಮುಚ್ಚುತ್ತದೆ. ಮಲಗಿದ ಸ್ಥಿತಿಯ ಫೈಲನ್ನು ಲಿನಕ್ಸ್‌ನಿಂದಲೇ ಅಳಿಸುವ ಆಯ್ಕೆ ಎನ್‌ಟಿಎಫ್‌ಎಸ್-3ಜಿಯಲ್ಲಿ ಇದೆ; ವಿಂಡೋಸ್‌ನಲ್ಲಿ ಉಳಿಸದೆ ಬಿಟ್ಟ ಕೆಲಸ ಅದರೊಂದಿಗೇ ಹೋಗುವುದರಿಂದ ಅದು ಕೊನೆಯ ಉಪಾಯ.

ವಿದ್ಯುತ್ ಹೋಗಿ ಕಂಪ್ಯೂಟರ್ ಆರಿದಾಗ, ಹೊರಗಿನ ಹಾರ್ಡ್ ಡಿಸ್ಕನ್ನು ‘ಇಜೆಕ್ಟ್’ ಮಾಡದೆ ಕಿತ್ತಾಗ ಪಾರ್ಟಿಶನ್ನಿಗೆ ‘ಕೊಳೆ’ ಗುರುತು ಬೀಳುತ್ತದೆ. ಎನ್‌ಟಿಎಫ್‌ಎಸ್3 ಡ್ರೈವರ್ ಅಂಥದನ್ನು ಬಲವಂತದ ಆಯ್ಕೆಯಿಲ್ಲದೆ ಜೋಡಿಸುವುದಿಲ್ಲ. ಸರಿಯಾದ ಮದ್ದು ವಿಂಡೋಸ್‌ನ ‘ಚೆಕ್‌ಡಿಸ್ಕ್’ ಪರೀಕ್ಷೆ. ಲಿನಕ್ಸ್‌ನ ‘ಎನ್‌ಟಿಎಫ್‌ಎಸ್‌ಫಿಕ್ಸ್’ ಕೆಲವು ಸಣ್ಣ ದೋಷ ತಿದ್ದಿ ಗುರುತು ಅಳಿಸಬಲ್ಲದು, ಪೂರ್ಣ ತಪಾಸಣೆಗೆ ಬದಲಿಯಲ್ಲ. ಮೆಮೊರಿ ಕಾರ್ಡಾದರೆ ಇಷ್ಟೆಲ್ಲಕ್ಕೆ ಮೊದಲು ಅದರ ಪಕ್ಕದಲ್ಲಿರುವ ಪುಟ್ಟ ಲಾಕ್ ಗುಂಡಿ ಯಾವ ಕಡೆಗಿದೆ ನೋಡಬೇಕು.

ಶಾಶ್ವತ ಜೋಡಣೆ: ಎಫ್‌ಎಸ್‌ಟ್ಯಾಬ್‌ನ ಒಂದು ಸಾಲು

ಫೈಲ್ ಮ್ಯಾನೇಜರಿನಲ್ಲಿ ಡ್ರೈವಿನ ಚಿತ್ರ ಒತ್ತಿದಾಗ ಯಾರು ಒತ್ತಿದರೋ ಅವರ ಹೆಸರಿಗೆ ಪಾರ್ಟಿಶನ್ ಜೋಡಣೆಯಾಗುತ್ತದೆ. ಇಬ್ಬರು ಬಳಸುವ ಕಡೆ ಇದು ಸಾಲದು. ಪ್ರತಿ ಸಲ ಕಂಪ್ಯೂಟರ್ ಏಳುವಾಗ ಒಂದೇ ಜಾಗಕ್ಕೆ, ಒಂದೇ ನಿಯಮದಲ್ಲಿ ಜೋಡಣೆಯಾಗಬೇಕಾದರೆ ‘ಇಟಿಸಿ’ ಡೈರೆಕ್ಟರಿಯ ‘ಎಫ್‌ಎಸ್‌ಟ್ಯಾಬ್’ ಎಂಬ ಫೈಲಿನಲ್ಲಿ ಒಂದು ಸಾಲು ಸೇರಿಸಬೇಕು. ಸಾಲಿನಲ್ಲಿ ಆರು ಕಲಂಗಳು.

ಮೊದಲನೆಯದು ಪಾರ್ಟಿಶನ್ನಿನ ಯುಯುಐಡಿ. ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಆಜ್ಞೆ ಅದನ್ನು ತೋರಿಸುತ್ತದೆ. ಡಿಸ್ಕುಗಳ ಕ್ರಮ ಬದಲಾದರೂ ಈ ಗುರುತು ಬದಲಾಗುವುದಿಲ್ಲ. ಎರಡನೆಯದು ಜೋಡಿಸುವ ಜಾಗ, ಉದಾಹರಣೆಗೆ ‘ಎಂಎನ್‌ಟಿ’ ಅಡಿಯಲ್ಲಿ ‘ಮನೆ’ ಎಂಬ ಖಾಲಿ ಫೋಲ್ಡರ್. ಮೂರನೆಯದು ಫೈಲ್ ಸಿಸ್ಟಂ. ನಾಲ್ಕನೆಯದು ಆಯ್ಕೆಗಳು. ಐದು ಮತ್ತು ಆರನೆಯದಕ್ಕೆ ಎನ್‌ಟಿಎಫ್‌ಎಸ್‌ನಲ್ಲಿ ಸೊನ್ನೆ.

ಕೆಲಸವೆಲ್ಲ ನಡೆಯುವುದು ನಾಲ್ಕನೇ ಕಲಂನಲ್ಲಿ. ಅಕ್ಕನ ಬಳಕೆದಾರ ಸಂಖ್ಯೆ 1000, ಇಬ್ಬರೂ ಇರುವ ಗುಂಪಿನ ಸಂಖ್ಯೆ 1005 ಎಂದಿಟ್ಟುಕೊಂಡರೆ ಅಲ್ಲಿ ಬರುವುದು: ಯುಐಡಿ=1000, ಜಿಐಡಿ=1005, ಡಿಮಾಸ್ಕ್=002, ಎಫ್‌ಮಾಸ್ಕ್=113, ನೋಫೇಲ್. ಇವುಗಳ ನಡುವೆ ಅಲ್ಪವಿರಾಮ ಇರಬೇಕು, ಖಾಲಿ ಜಾಗ ಇರಕೂಡದು. ಮಾಸ್ಕ್ ಎಂದರೆ ಕಳೆಯುವ ಲೆಕ್ಕ. ಫೋಲ್ಡರುಗಳಿಗೆ 777ರಿಂದ 002 ಕಳೆದು 775, ಫೈಲುಗಳಿಗೆ 113 ಕಳೆದು 664. ಅಂದರೆ ಮನೆಯ ಇಬ್ಬರೂ ಬರೆಯಬಹುದು, ಹೊರಗಿನವರು ನೋಡಬಹುದು, ಯಾವ ಫೈಲೂ ತಾನಾಗಿ ಪ್ರೋಗ್ರಾಂ ಆಗಿ ನಡೆಯದು. ‘ನೋಫೇಲ್’ ಇದ್ದರೆ ಹೊರಗಿನ ಡಿಸ್ಕ್ ಇಲ್ಲದ ದಿನವೂ ಕಂಪ್ಯೂಟರ್ ಕಾದು ನಿಲ್ಲದೆ ಏಳುತ್ತದೆ.

ಈ ಫೈಲನ್ನು ಮುಟ್ಟುವ ಮೊದಲು ನಕಲೊಂದನ್ನು ತೆಗೆದಿಡುವುದು, ಮುಟ್ಟಿದ ಮೇಲೆ ‘ಫೈಂಡ್‌ಮೌಂಟ್ --ವೆರಿಫೈ’ ಆಜ್ಞೆಯಿಂದ ಪರಿಶೀಲಿಸುವುದು ರೂಢಿ. ಇಲ್ಲಿ ತಪ್ಪಾದ ಒಂದು ಸಾಲು ಕಂಪ್ಯೂಟರ್ ಏಳುವುದನ್ನೇ ತಡೆಯಬಹುದು.

ಲಿನಕ್ಸ್‌ನದೇ ಪಾರ್ಟಿಶನ್ ಆದಾಗ

ವಿಂಡೋಸ್ ಬೇಡದ ಮನೆ, ಕಚೇರಿಗಳಲ್ಲಿ ಹಂಚಿಕೆಗೆ ಎಕ್ಸ್ಟ್4 ಇರುತ್ತದೆ. ಹೊಸದಾಗಿ ಫಾರ್ಮ್ಯಾಟ್ ಮಾಡಿದ ಎಕ್ಸ್ಟ್4ರ ಮೂಲ ಫೋಲ್ಡರ್ ರೂಟ್‌ನ ಒಡೆತನದಲ್ಲಿರುತ್ತದೆ, ಹೀಗಾಗಿ ಮೊದಲ ದಿನವೇ ಬರೆಯಲಾಗದು. ಇಲ್ಲಿ ಹಲವರು ಎಡವುವುದು ಒಂದೇ ಕಡೆ: ಜೋಡಿಸುವ ಮುಂಚೆ ಖಾಲಿ ಫೋಲ್ಡರಿಗೆ ಅನುಮತಿ ಕೊಡುತ್ತಾರೆ. ಜೋಡಣೆಯಾದ ಕ್ಷಣ ಆ ಫೋಲ್ಡರ್ ಮರೆಯಾಗಿ ಪಾರ್ಟಿಶನ್ನಿನ ಸ್ವಂತ ಮೂಲ ಫೋಲ್ಡರ್, ಅದರದೇ ಅನುಮತಿಯೊಂದಿಗೆ, ಮೇಲೆ ಬರುತ್ತದೆ. ಆದ್ದರಿಂದ ಮೊದಲು ಜೋಡಿಸಬೇಕು, ಆಮೇಲೆ ಚೌನ್ ಮಾಡಬೇಕು.

ಹಳೆಯ ಕಂಪ್ಯೂಟರಿನ ಡಿಸ್ಕನ್ನು ಹೊಸದಕ್ಕೆ ಹಾಕಿದಾಗ ಬರುವ ತೊಂದರೆ ಇನ್ನೊಂದು ಬಗೆಯದು. ಡಿಸ್ಕಿನಲ್ಲಿ ಒಡೆಯನ ಹೆಸರು ಇರುವುದಿಲ್ಲ, ಸಂಖ್ಯೆ ಮಾತ್ರ ಇರುತ್ತದೆ. ಉಬುಂಟುವಿನಲ್ಲಿ ಮೊದಲ ಬಳಕೆದಾರನಿಗೆ 1000, ಎರಡನೆಯವನಿಗೆ 1001. ಹಳೆಯ ಯಂತ್ರದಲ್ಲಿ 1000 ಆಗಿದ್ದ ಅಕ್ಕ ಹೊಸದರಲ್ಲಿ 1001 ಆದರೆ ಅವಳ ಫೈಲುಗಳೆಲ್ಲ ಅಲ್ಲಿ ತಮ್ಮನ ಹೆಸರಿಗೆ ಕಾಣುತ್ತವೆ. ‘ಎಲ್‌ಎಸ್ -ಎಲ್‌ಎನ್’ ಎಂದರೆ ಹೆಸರಿನ ಬದಲು ಸಂಖ್ಯೆಯೇ ಕಾಣುವುದರಿಂದ ಈ ಗೊಂದಲ ಕೂಡಲೇ ಬಯಲಾಗುತ್ತದೆ.

ಇಬ್ಬರಿಗೂ ಬರೆಯುವ ಹಕ್ಕು ಕೊಡುವ ನೇರ ದಾರಿ ಗುಂಪು. ‘ಗ್ರೂಪ್‌ಆ್ಯಡ್’ ಆಜ್ಞೆಯಿಂದ ಗುಂಪು ಮಾಡಿ, ‘ಯೂಸರ್‌ಮಾಡ್ -ಎಜಿ’ ಆಜ್ಞೆಯಿಂದ ಇಬ್ಬರನ್ನೂ ಸೇರಿಸಬೇಕು. ಇದರಲ್ಲಿ ಮೊದಲ ಅಕ್ಷರವಾದ ‘ಎ’ ಬಿಟ್ಟುಹೋದರೆ ಬಳಕೆದಾರ ತನ್ನ ಉಳಿದ ಗುಂಪುಗಳಿಂದ ಹೊರಬೀಳುತ್ತಾನೆ. ರೂಟ್ ಆಗಿ ಆಜ್ಞೆ ನಡೆಸುವ ‘ಸುಡೋ’ ಹಕ್ಕೂ ಹೋಗಿ, ತಪ್ಪನ್ನು ತಿದ್ದಲೂ ಆಗದ ಸ್ಥಿತಿ ಬರುತ್ತದೆ. ಸೇರಿಸಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಬರುವ ತನಕ ಹೊಸ ಗುಂಪು ಜಾರಿಗೆ ಬರುವುದಿಲ್ಲ.

ಫೋಲ್ಡರಿನ ಗುಂಪನ್ನು ಬದಲಿಸಿ 2775 ಅನುಮತಿ ಕೊಟ್ಟರೆ ಮುಂದಿನ 2 ‘ಸೆಟ್‌ಜಿಐಡಿ’ ಬಿಟ್. ಅದು ಇದ್ದಾಗ ಒಳಗೆ ಹುಟ್ಟುವ ಪ್ರತಿ ಹೊಸ ಫೈಲೂ ಮಾಡಿದವರ ಸ್ವಂತ ಗುಂಪಿಗೆ ಹೋಗದೆ ಫೋಲ್ಡರಿನ ಗುಂಪಿಗೇ ಸೇರುತ್ತದೆ. ಆದರೂ ಹೊಸ ಫೈಲಿಗೆ ಗುಂಪಿನ ಬರೆಯುವ ಹಕ್ಕು ಸಿಗುವುದು ಬಳಕೆದಾರನ ಯುಮಾಸ್ಕ್, ಅಂದರೆ ಹೊಸ ಫೈಲಿನ ಅನುಮತಿಯಿಂದ ಕಳೆಯುವ ಸಂಖ್ಯೆಯ ಮೇಲೆ ನಿಂತಿದೆ: 022 ಇದ್ದರೆ ಸಿಗದು, 002 ಇದ್ದರೆ ಸಿಗುತ್ತದೆ. ಈ ಅವಲಂಬನೆಯನ್ನು ತಪ್ಪಿಸಲು ಎಸಿಎಲ್ ಎಂಬ ವಿವರವಾದ ಅನುಮತಿ ಪಟ್ಟಿ ಇದೆ. ‘ಸೆಟ್‌ಎಫ್‌ಎಸಿಎಲ್ -ಡಿ’ ಆಜ್ಞೆಯಿಂದ ಫೋಲ್ಡರಿಗೆ ಪೂರ್ವನಿಯಮ ಹಾಕಿದರೆ ಯುಮಾಸ್ಕ್ ಲೆಕ್ಕಕ್ಕೆ ಬರುವುದಿಲ್ಲ. ಇಷ್ಟರ ಮೇಲೂ ಉಳಿಯುವ ಒಂದು ಸಂದು: ಅದೇ ಪಾರ್ಟಿಶನ್ನಿನ ಬೇರೆ ಫೋಲ್ಡರಿನಿಂದ ‘ಮೂವ್’ ಮಾಡಿ ತಂದ ಫೈಲು ಹಳೆಯ ಗುಂಪನ್ನೇ ಹೊತ್ತು ಬರುತ್ತದೆ, ‘ಕಾಪಿ’ ಮಾಡಿದ್ದು ಹೊಸ ನಿಯಮಕ್ಕೆ ಒಳಪಡುತ್ತದೆ.

ಎಕ್ಸ್ಟ್4 ಪಾರ್ಟಿಶನ್ ಇದ್ದಕ್ಕಿದ್ದಂತೆ ಓದಲು ಮಾತ್ರ ಆಯಿತೆಂದರೆ ಅನುಮತಿಯ ಗೋಜಿಗೇ ಹೋಗಬಾರದು. ಫೈಲ್ ಸಿಸ್ಟಂನಲ್ಲಿ ದೋಷ ಕಂಡಾಗ ಹೀಗೆ ಹಿಂದೆ ಸರಿಯುವಂತೆ ಅದನ್ನು ಹೊಂದಿಸಿರಬಹುದು. ಮೊದಲು ಫೈಲುಗಳ ನಕಲು ತೆಗೆದು, ಪಾರ್ಟಿಶನ್ನನ್ನು ಬಿಚ್ಚಿ, ಫೈಲ್ ಸಿಸ್ಟಂ ಪರೀಕ್ಷಿಸುವ ‘ಎಫ್‌ಎಸ್‌ಸಿಕೆ’ ಆಜ್ಞೆ ನಡೆಸಿ, ‘ಸ್ಮಾರ್ಟ್’ ವರದಿಯಲ್ಲಿ ಡಿಸ್ಕಿನ ಆರೋಗ್ಯ ನೋಡಬೇಕು.

ನೆಟ್‌ವರ್ಕ್ ಮತ್ತು ಇತರ ಕಾವಲುಗಳು

ನೆಟ್‌ವರ್ಕ್ ಹಂಚಿಕೆಯಲ್ಲಿ ಬಾಗಿಲು ಎರಡು. ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಆರಂಭಿಸಿದ ಸಾಂಬಾ ಮೂಲಕ ವಿಂಡೋಸ್ ಯಂತ್ರಗಳಿಗೆ ತೆರೆದ ಫೋಲ್ಡರ್, ಬೇರೆ ಹೇಳದಿದ್ದರೆ, ಓದಲು ಮಾತ್ರ ಇರುತ್ತದೆ. ಸಾಂಬಾದ ಸೆಟ್ಟಿಂಗ್ ಒಪ್ಪಬೇಕು, ಒಳಗಿನ ಲಿನಕ್ಸ್ ಅನುಮತಿಯೂ ಒಪ್ಪಬೇಕು. ಸನ್ ಮೈಕ್ರೊಸಿಸ್ಟಮ್ಸ್ ರೂಪಿಸಿದ ಎನ್‌ಎಫ್‌ಎಸ್ ಎಂಬ ನೆಟ್‌ವರ್ಕ್ ಹಂಚಿಕೆಯ ಸಾಮಾನ್ಯ ಬಳಕೆಯಲ್ಲಿ ಹೆಸರಿಗಿಂತ ಬಳಕೆದಾರ ಸಂಖ್ಯೆ ಮುಖ್ಯ. ಜೊತೆಗೆ ಹೊರಗಿನ ಯಂತ್ರದ ರೂಟ್‌ನನ್ನು ಅದು ಯಾರೂ ಅಲ್ಲದವನೆಂದೇ ಎಣಿಸುವುದರಿಂದ ಸುಡೋ ಕೂಡ ಉಪಯೋಗಕ್ಕೆ ಬಾರದು.

ಫೆಡೋರಾ ಮತ್ತು ರೆಡ್ ಹ್ಯಾಟ್ ಲಿನಕ್ಸ್‌ಗಳಲ್ಲಿ ಒಂಬತ್ತು ಬಿಟ್‌ಗಳ ಆಚೆಗೆ ಎಸ್‌ಇಲಿನಕ್ಸ್ ಎಂಬ ಇನ್ನೊಂದು ಕಾವಲಿದೆ. ಅದು ಪ್ರತಿ ಫೈಲಿಗೂ ಅಂಟಿಸಿದ ಚೀಟಿಯನ್ನು ನೋಡುತ್ತದೆ. ಚೀಟಿ ಹೊಂದದಿದ್ದರೆ ಅನುಮತಿ ಎಷ್ಟೇ ಸಡಿಲವಿದ್ದರೂ ಸಾಂಬಾ ಬರೆಯಲಾರದು. ‘ಎಲ್‌ಎಸ್ -ಝಡ್’ ಈ ಚೀಟಿಯನ್ನು ತೋರಿಸುತ್ತದೆ. ಉಬುಂಟುವಿನಲ್ಲಿ ಸ್ನ್ಯಾಪ್ ಆಗಿ, ಬೇರೆಡೆ ಫ್ಲ್ಯಾಟ್‌ಪ್ಯಾಕ್ ಆಗಿ ಬರುವ ಪ್ರೋಗ್ರಾಂಗಳಿಗೆ ಮನೆ ಫೋಲ್ಡರಿನ ಆಚೆ ಹೋಗಲು ಪ್ರತ್ಯೇಕ ಒಪ್ಪಿಗೆ ಬೇಕಾಗಬಹುದು. ಟರ್ಮಿನಲ್‌ನಿಂದ ಬರೆಯಲು ಆಗುತ್ತಿದ್ದು ಒಂದು ಪ್ರೋಗ್ರಾಂನಿಂದ ಮಾತ್ರ ಆಗದಿದ್ದರೆ ಹುಡುಕಬೇಕಾದದ್ದು ಇಲ್ಲಿ.

777ರ ಮೋಹ

ಅನುಮತಿಯ ತೊಂದರೆ ಎಂದೊಡನೆ ಹೆಚ್ಚಿನವರ ಕೈಗೆ ಬರುವ ಆಜ್ಞೆ ‘ಚ್‌ಮಾಡ್ -ಆರ್ 777’: ಒಳಗಿರುವ ಎಲ್ಲದಕ್ಕೂ, ಎಲ್ಲರಿಗೂ, ಎಲ್ಲ ಹಕ್ಕು. ಎನ್‌ಟಿಎಫ್‌ಎಸ್ ಮೇಲೆ ಇದು ಸಾಮಾನ್ಯವಾಗಿ ಏನೂ ಮಾಡದು. ಓದಲು ಮಾತ್ರ ಇರುವ ಪಾರ್ಟಿಶನ್ ಮೇಲೆ ನಡೆಯಲೇ ನಡೆಯದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಎಕ್ಸ್ಟ್4 ಮೇಲೆ ನಡೆಯುತ್ತದೆ, ಹಾನಿಯೂ ಆಗುತ್ತದೆ. ಚಿತ್ರ, ಪತ್ರ ಎಲ್ಲವೂ ನಡೆಸಬಹುದಾದ ಪ್ರೋಗ್ರಾಂಗಳ ಗುರುತು ಹೊರುತ್ತವೆ, ಯಾವ ಬಳಕೆದಾರನಾದರೂ ಯಾವ ಫೈಲನ್ನಾದರೂ ಬದಲಿಸಬಹುದು. ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ತನ್ನ ಖಾಸಗಿ ಕೀಲಿಯ ಅನುಮತಿ ಸಡಿಲವಾದದ್ದು ಕಂಡರೆ ಆ ಕೀಲಿಯನ್ನೇ ಬಳಸುವುದಿಲ್ಲ. ಕೈತಪ್ಪಿ ಸಿಸ್ಟಂನ ಮೂಲ ಡೈರೆಕ್ಟರಿಯ ಮೇಲೆ ನಡೆಸಿದರೆ ಸುಡೋ ತನ್ನ ವಿಶೇಷ ಬಿಟ್ ಕಳೆದುಕೊಂಡು ಕೆಲಸ ನಿಲ್ಲಿಸುತ್ತದೆ; ಆಮೇಲೆ ಬಹುಪಾಲು ಉಳಿಯುವುದು ಹೊಸದಾಗಿ ಇನ್‌ಸ್ಟಾಲ್ ಮಾಡುವ ದಾರಿ.

ಇದರ ಬದಲಿಗೆ ಸಾಕಷ್ಟೇ ಹಕ್ಕು ಕೊಡುವ ರೂಪಗಳಿವೆ. ‘ಜಿ+ಆರ್‌ಡಬ್ಲ್ಯೂಎಕ್ಸ್’ ಎಂದು ಬರೆಯುವಾಗ ಕೊನೆಯ ಎಕ್ಸ್ ದೊಡ್ಡಕ್ಷರವಾದರೆ ಆ ಹಕ್ಕು ಫೋಲ್ಡರುಗಳಿಗೆ ಮತ್ತು ಈಗಾಗಲೇ ಪ್ರೋಗ್ರಾಂ ಆಗಿರುವ ಫೈಲುಗಳಿಗೆ ಮಾತ್ರ ಸೇರುತ್ತದೆ. ಎಲ್ಲರೂ ಬರೆಯಲೇಬೇಕಾದ ಫೋಲ್ಡರಿಗೆ, ಶಾಲೆಯ ಲ್ಯಾಬಿನಲ್ಲಿರುವಂಥದಕ್ಕೆ, 1777 ಕೊಟ್ಟರೆ ಮುಂದಿನ 1 ‘ಸ್ಟಿಕಿ’ ಬಿಟ್ ಆಗಿ ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸದಂತೆ ಕಾಯುತ್ತದೆ. ಲಿನಕ್ಸ್ ತನ್ನ ತಾತ್ಕಾಲಿಕ ಫೈಲುಗಳ ಡೈರೆಕ್ಟರಿಗೆ ಇಟ್ಟುಕೊಂಡಿರುವುದೂ ಇದೇ ಅನುಮತಿಯನ್ನು.

ಪರೀಕ್ಷೆ

ಸರಿಯಾಯಿತು ಎನ್ನುವ ಮುನ್ನ ಮೂರು ಬಾರಿ ನೋಡಬೇಕು. ಸರಿಪಡಿಸಿದವರ ಲಾಗಿನ್‌ನಲ್ಲಿ ಬರೆಯಲಾದರೆ ಅದು ಅರ್ಧ ಪುರಾವೆ. ಎರಡನೆಯದಾಗಿ, ಇನ್ನೊಬ್ಬರ ಲಾಗಿನ್‌ನಲ್ಲಿ ಮೊದಲಿನವರ ಫೈಲನ್ನು ತೆರೆದು ತಿದ್ದಿ ಉಳಿಸಬೇಕು. ಮೂರನೆಯದಾಗಿ, ವಿಂಡೋಸ್‌ಗೆ ಹೋಗಿ ಶಟ್‌ಡೌನ್ ಮಾಡಿ, ಮರುದಿನ ಲಿನಕ್ಸ್‌ನಲ್ಲಿ ಇದನ್ನೇ ಮತ್ತೆ ಮಾಡಬೇಕು. ಅಕ್ಕ ಸ್ಕ್ಯಾನ್ ಮಾಡಿಟ್ಟ ಪಹಣಿಯ ಹೆಸರನ್ನು ತಮ್ಮ ಬೆಳಗ್ಗೆ ಬದಲಿಸಿ, ಸಂಜೆ ಅವಳು ಅದೇ ಹೆಸರಿನಲ್ಲಿ ತೆರೆದು ನೋಡಿದರೆ ಆ ಪಾರ್ಟಿಶನ್ ಇಬ್ಬರದೂ ಆಯಿತೆಂದು ಲೆಕ್ಕ.